ಟೆಸ್ಟ್ ಓಡಿಸೋ ಅಧಿಕಾರ ಯಾರದ್ದು? ಸಾಫ್ಟ್‌ವೇರ್ ಕಟ್ಟುವ ಮುನ್ನ ಕೇಳಬೇಕಾದ ರಾಜಕೀಯ ಪ್ರಶ್ನೆ

ಚುನಾವಣೆಯ ದಿನ ಮತದಾನ ಶುರುವಾಗೋಕೆ ಸುಮಾರು ಒಂದೂವರೆ ಗಂಟೆ ಮುಂಚೆ ಪ್ರತಿ ಬೂತ್‌ನಲ್ಲೂ ಒಂದು ಕೆಲಸ ನಡೆಯುತ್ತದೆ. ಪಕ್ಷಗಳ ಏಜೆಂಟರ ಎದುರಲ್ಲೇ ಮತಯಂತ್ರಕ್ಕೆ ಕನಿಷ್ಠ 50 ಅಣಕು ಮತ ಹಾಕುತ್ತಾರೆ. ಯಾರಿಗೆ ಎಷ್ಟು ಒತ್ತಿದ್ದು ಅನ್ನೋದು ಮೊದಲೇ ಗೊತ್ತಿರುತ್ತದೆ. ಯಂತ್ರ ಕೊಟ್ಟ ಲೆಕ್ಕ, ವಿವಿಪ್ಯಾಟ್ ಚೀಟಿಗಳ ಲೆಕ್ಕ, ಒತ್ತಿದವರ ಲೆಕ್ಕ ಮೂರೂ ತಾಳೆಯಾಗಬೇಕು. ಆಮೇಲೆ ಆ ಮತಗಳನ್ನು ಅಳಿಸಿ, ಯಂತ್ರಕ್ಕೆ ಸೀಲ್ ಹಾಕಿ, ಏಜೆಂಟರ ಸಹಿ ತಗೊಂಡು ಮತದಾನ ಶುರು ಮಾಡುತ್ತಾರೆ.

ಸಾಫ್ಟ್‌ವೇರ್ ಮಂದಿ 'ಟೆಸ್ಟ್' ಅನ್ನೋದು ಇದನ್ನೇ. ಉತ್ತರ ಮೊದಲೇ ಗೊತ್ತಿರುವ ಪ್ರಶ್ನೆಯನ್ನು ಯಂತ್ರಕ್ಕೆ ಕೇಳಿ, ಅದು ಏನು ಹೇಳುತ್ತೆ ಅಂತ ನೋಡೋದು. ಆದರೆ ಮಾಕ್ ಪೋಲ್‌ಗೆ ಬೆಲೆ ಬಂದಿರೋದು ಆ 50 ಮತಗಳಿಂದಲ್ಲ, ಅದನ್ನು ನಿಂತು ನೋಡುವ ಏಜೆಂಟರಿಂದ. ಅಧಿಕಾರಿ ಒಬ್ಬರೇ ಬಾಗಿಲು ಹಾಕಿಕೊಂಡು ಐದು ಸಾವಿರ ಅಣಕು ಮತ ಹಾಕಿ 'ಎಲ್ಲಾ ಸರಿಯಿದೆ' ಅಂದರೆ ಯಾರೂ ನಂಬಲ್ಲ. ನಂಬಬೇಕಾಗೂ ಇಲ್ಲ.

ನಾನು ಎಂಜಿನಿಯರಿಂಗ್ ಓದಿ ಪತ್ರಿಕೋದ್ಯಮಕ್ಕೆ ಬಂದವನು ಅಂತ ಗೊತ್ತಿರುವ ಕೆಲವು ಓದುಗರು ಆಗಾಗ ಕೇಳುತ್ತಾರೆ: "ಸರ್, ನಾವೊಂದು ಚಿಕ್ಕ ಟೂಲ್ ಮಾಡ್ತಿದ್ದೀವಿ. ಪಂಚಾಯ್ತಿ ಲೆಕ್ಕ ನೋಡೋಕೆ, ಮತದಾರರ ಪಟ್ಟಿ ಹೋಲಿಸೋಕೆ. ಟೆಸ್ಟಿಂಗ್‌ಗೆ ಯಾವ ಫ್ರೇಮ್‌ವರ್ಕ್ ಹಾಕ್ಲಿ? ಬಿಲ್ಡ್ ಹೇಗೆ ಮಾಡ್ಲಿ?" ಅಂತರ್ಜಾಲದಲ್ಲಿ ಇದಕ್ಕೆ ಸಿಗುವ ಉತ್ತರಗಳೆಲ್ಲ ವೇಗದ ಬಗ್ಗೆ, ಫ್ಯಾಷನ್ ಬಗ್ಗೆ. ನನ್ನ ಉತ್ತರ ಬೇರೆ. ಇದು ಮೊದಲು ಅಧಿಕಾರದ ಪ್ರಶ್ನೆ, ಆಮೇಲೆ ತಂತ್ರಜ್ಞಾನದ್ದು. ನೀವು ಆರಿಸುವ ಟೆಸ್ಟ್ ಮತ್ತು ಬಿಲ್ಡ್ ವ್ಯವಸ್ಥೆ ನಿಮ್ಮ ಟೂಲನ್ನು ಯಾರು ಪರೀಕ್ಷಿಸಬಹುದು, ಯಾರು ಪರೀಕ್ಷಿಸೋಕಾಗಲ್ಲ ಅನ್ನೋದನ್ನು ನಿರ್ಧರಿಸುತ್ತದೆ.

ಮೊದಲು ಎರಡು ಪದ

ಟೆಸ್ಟ್ ಏನು ಅಂತ ಹೇಳಿದೆ. 'ಫ್ರೇಮ್‌ವರ್ಕ್' ಅಂದ್ರೆ ಇಂಥ ನೂರಾರು ಟೆಸ್ಟ್‌ಗಳನ್ನು ಒಟ್ಟಿಗೆ ಓಡಿಸಿ, ಯಾವುದು ಪಾಸು, ಯಾವುದು ಫೇಲು ಅಂತ ವರದಿ ಕೊಡುವ ಸಲಕರಣೆ. ಜಾವಾಗೆ ಜೆಯೂನಿಟ್, ಪೈಥಾನ್‌ಗೆ ಪೈಟೆಸ್ಟ್, ಜಾವಾಸ್ಕ್ರಿಪ್ಟ್‌ಗೆ ಜೆಸ್ಟ್, ವೈಟೆಸ್ಟ್ ಹೀಗೆ. ಈ ಪೈಕಿ ಬಹುತೇಕ ಎಲ್ಲದರ ಅಜ್ಜಿ ಜೆಯೂನಿಟ್. 1997ರಲ್ಲಿ ಕೆಂಟ್ ಬೆಕ್ ಮತ್ತು ಎರಿಕ್ ಗಾಮಾ ಜ್ಯೂರಿಕ್‌ನಿಂದ ಅಟ್ಲಾಂಟಾಗೆ ಹೋಗುವ ವಿಮಾನದಲ್ಲಿ ಕೂತು ಅದರ ಮೊದಲ ರೂಪ ಬರೆದರು.

'ಬಿಲ್ಡ್' ಅಂದ್ರೆ ಮನುಷ್ಯರು ಓದುವ ಕೋಡನ್ನು ಯಂತ್ರ ಓಡಿಸುವ ರೂಪಕ್ಕೆ ತರುವ ಇಡೀ ಪ್ರಕ್ರಿಯೆ. ಯಾವ ಕಡತ ಮೊದಲು, ಹೊರಗಿನ ಯಾವ ಲೈಬ್ರರಿ ಬೇಕು, ಅದರ ಯಾವ ಆವೃತ್ತಿ, ಕೊನೆಗೆ ಏನು ಹೊರಬರಬೇಕು ಅನ್ನೋದೆಲ್ಲ ಅದರಲ್ಲಿ ಬರೆದಿರುತ್ತದೆ. ಬೆಲ್ ಲ್ಯಾಬ್ಸ್‌ನ ಸ್ಟುವರ್ಟ್ ಫೆಲ್ಡ್‌ಮನ್ 1976ರಲ್ಲಿ ಬರೆದ 'ಮೇಕ್' ಅನ್ನೋ ಸಲಕರಣೆ ಇವತ್ತಿಗೂ ಬಳಕೆಯಲ್ಲಿದೆ. ಅಡುಗೆಗೆ ಹೋಲಿಸಿದರೆ, ಕೋಡ್ ಅನ್ನೋದು ದಿನಸಿ ಸಾಮಾನು, ಬಿಲ್ಡ್ ಅನ್ನೋದು ಅಡುಗೆಮನೆ. ದಿನಸಿಯನ್ನು ಎಷ್ಟೇ ಪರೀಕ್ಷೆ ಮಾಡಿದರೂ ಅಡುಗೆಮನೆಯಲ್ಲಿ ಏನಾಯ್ತು ಅಂತ ಗೊತ್ತಾಗದಿದ್ದರೆ ತಟ್ಟೆಗೆ ಬಂದದ್ದರ ಬಗ್ಗೆ ಖಾತ್ರಿ ಇಲ್ಲ.

ಇದು ಬರೀ ಹೋಲಿಕೆ ಅಲ್ಲ ಅಂತ 2024ರಲ್ಲಿ ಜಗತ್ತಿಗೇ ಗೊತ್ತಾಯಿತು.

ಅರ್ಧ ಸೆಕೆಂಡಿನ ತಡ

2024ರ ಮಾರ್ಚ್ ಕೊನೆ. ಮೈಕ್ರೋಸಾಫ್ಟ್‌ನಲ್ಲಿ ಕೆಲಸ ಮಾಡುವ, ಪೋಸ್ಟ್‌ಗ್ರೆಸ್ ಡೇಟಾಬೇಸ್ ಕಟ್ಟುವವರಲ್ಲಿ ಒಬ್ಬರಾದ ಆಂಡ್ರೆಸ್ ಫ್ರಾಯಿಂಡ್ ಏನೋ ವೇಗದ ಅಳತೆ ಮಾಡುತ್ತಿದ್ದರು. ತಮ್ಮ ಲಿನಕ್ಸ್ ಯಂತ್ರಕ್ಕೆ ದೂರದಿಂದ ಲಾಗಿನ್ ಆಗುವಾಗ ಸುಮಾರು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿದೆ ಅನ್ನೋದು ಅವರ ಗಮನಕ್ಕೆ ಬಂತು. ನಾವಾಗಿದ್ದರೆ 'ನೆಟ್ ಸ್ಲೋ ಇದೆ' ಅಂತ ಸುಮ್ಮನಾಗುತ್ತಿದ್ದೆವೇನೋ. ಅವರು ಅಗೆಯುತ್ತಾ ಹೋದರು. ಕೊನೆಗೆ ಸಿಕ್ಕಿದ್ದು 'ಎಕ್ಸ್‌ಝೆಡ್ ಯುಟಿಲ್ಸ್' ಅನ್ನುವ, ಕಡತ ಕುಗ್ಗಿಸುವ ಒಂದು ಪುಟ್ಟ ಸಾಫ್ಟ್‌ವೇರ್. ಅದರ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಯಾರೋ ಹಿಂಬಾಗಿಲು ಇಟ್ಟಿದ್ದರು. ಆ ಆವೃತ್ತಿಗಳು ಎಲ್ಲೆಡೆ ಹರಡಿದ್ದರೆ, ಕೀಲಿ ಇದ್ದವರು ಲೆಕ್ಕವಿಲ್ಲದಷ್ಟು ಸರ್ವರ್‌ಗಳ ಒಳಗೆ ಹೋಗಬಹುದಿತ್ತು. ಮಾರ್ಚ್ 29ರಂದು ಫ್ರಾಯಿಂಡ್ ಬಹಿರಂಗಪಡಿಸುವ ಹೊತ್ತಿಗೆ ಅದು ಹೆಚ್ಚಾಗಿ ಲಿನಕ್ಸ್‌ನ ಪ್ರಯೋಗದ ಹಂತದ ಆವೃತ್ತಿಗಳಿಗಷ್ಟೇ ಸೇರಿತ್ತು.

ಈ ಕತೆ ಅನೇಕರು ಕೇಳಿರಬಹುದು. ಹೆಚ್ಚು ಜನ ಗಮನಿಸದ ಭಾಗ ಮುಂದಿದೆ. ಹಿಂಬಾಗಿಲು ಎಲ್ಲಿತ್ತು?

ಮುಖ್ಯ ಕೋಡ್‌ನಲ್ಲಿ ಇರಲಿಲ್ಲ. ಅರ್ಧ ಟೆಸ್ಟ್‌ನಲ್ಲಿತ್ತು, ಅರ್ಧ ಬಿಲ್ಡ್‌ನಲ್ಲಿತ್ತು. ಕಡತ ಕುಗ್ಗಿಸುವ ಸಾಫ್ಟ್‌ವೇರ್‌ಗೆ 'ಕೆಟ್ಟುಹೋದ ಕಡತ ಕೊಟ್ಟರೆ ಏನು ಮಾಡುತ್ತೆ' ಅಂತ ನೋಡೋಕೆ ಬೇಕಂತಲೇ ಕೆಡಿಸಿದ ಕಡತಗಳನ್ನು ಟೆಸ್ಟ್ ಫೋಲ್ಡರಿನಲ್ಲಿ ಇಡುವುದು ವಾಡಿಕೆ. ಮನುಷ್ಯರ ಕಣ್ಣಿಗೆ ಅವು ಬರೀ ಕಸ. ಯಾರೂ ತೆರೆದು ಓದಲ್ಲ, ಓದೋಕಾಗೋದೂ ಇಲ್ಲ. ಆ ಕಸದೊಳಗೆ ವಿಷ ಮುಚ್ಚಿಟ್ಟಿದ್ದರು. ಅದನ್ನು ಹೊರತೆಗೆದು ಸಾಫ್ಟ್‌ವೇರ್‌ಗೆ ಬೆಸೆಯುವ ಸಾಲುಗಳು ಬಿಲ್ಡ್ ಸ್ಕ್ರಿಪ್ಟ್‌ನಲ್ಲಿದ್ದವು. ಅದರಲ್ಲೂ ಒಂದು ಮುಖ್ಯ ಕೊಂಡಿ, ಎಲ್ಲರೂ ನೋಡುವ ಕೋಡ್ ಭಂಡಾರದಲ್ಲಿ ಇರಲೇ ಇಲ್ಲ. ಬಿಡುಗಡೆಗೆ ಅಂತ ಬೇರೆಯಾಗಿ ಕಟ್ಟಿದ ಗಂಟಿನಲ್ಲಿ ಮಾತ್ರ ಇತ್ತು. ನೀವು ಕೋಡನ್ನು ಸಾಲು ಸಾಲು ಓದಿದ್ದರೂ ಸಿಗುತ್ತಿರಲಿಲ್ಲ.

ಇದನ್ನು ಮಾಡಿದ್ದು 'ಜಿಯಾ ಟಾನ್' ಅನ್ನೋ ಹೆಸರಿನ ಖಾತೆ. ಆ ಹೆಸರಿನ ಹಿಂದೆ ಯಾರಿದ್ದರು ಅನ್ನೋದು ಸಾರ್ವಜನಿಕವಾಗಿ ಬಯಲಾಗಿಲ್ಲ. 2021ರಿಂದ ನಿಧಾನಕ್ಕೆ ಒಳ್ಳೊಳ್ಳೆ ಕೆಲಸ ಮಾಡಿಕೊಡುತ್ತಾ ವಿಶ್ವಾಸ ಗಳಿಸಿದ್ದರು. ಎಕ್ಸ್‌ಝೆಡ್ ನೋಡಿಕೊಳ್ಳುತ್ತಿದ್ದವರು ಲಾಸೆ ಕಾಲಿನ್, ಸಂಬಳವಿಲ್ಲದೆ ಹವ್ಯಾಸಕ್ಕಾಗಿ, ಹೆಚ್ಚೂಕಮ್ಮಿ ಒಬ್ಬರೇ. 'ನೀವು ತಡ ಮಾಡ್ತೀರಿ, ಬೇರೆಯವರಿಗೆ ಬಿಟ್ಟುಕೊಡಿ' ಅಂತ ಅಪರಿಚಿತ ಖಾತೆಗಳು ಅವರ ಮೇಲೆ ಒತ್ತಡ ಹೇರಿದವು. ದಣಿದ ಮನುಷ್ಯ ನೆರವು ಕೊಟ್ಟವನಿಗೆ ಕೀಲಿ ಕೊಟ್ಟರು. 2023ರಲ್ಲಿ ಅದೇ ಜಿಯಾ ಟಾನ್ ಖಾತೆ, ಗೂಗಲ್ ನಡೆಸುವ ಒಂದು ಸಾರ್ವಜನಿಕ ಟೆಸ್ಟ್ ಸೇವೆಯಲ್ಲಿ ಎಕ್ಸ್‌ಝೆಡ್‌ನ ಒಂದು ಸೌಲಭ್ಯವನ್ನು ಆಫ್ ಮಾಡಿಸಿತು. ಮುಂದೆ ಹಿಂಬಾಗಿಲು ಬಳಸಿಕೊಂಡಿದ್ದು ಅದೇ ಸೌಲಭ್ಯವನ್ನು. ಕಳ್ಳ ಮನೆಗೆ ಬರುವ ಮೊದಲು ನಾಯಿಯನ್ನು ಕಟ್ಟಿಹಾಕಿದ ಹಾಗೆ.

ಟೆಸ್ಟ್ ಮತ್ತು ಬಿಲ್ಡ್ ಅನ್ನೋದು ಯಾರೂ ಕಣ್ಣು ಹಾಯಿಸದ ಹಿತ್ತಲು ಅಂತ ದಾಳಿಕೋರರಿಗೆ ಚೆನ್ನಾಗಿ ಗೊತ್ತಿತ್ತು. ನಮಗೂ ಗೊತ್ತಿರಬೇಕು. ಇನ್ನೊಂದು ಮಾತನ್ನೂ ಪ್ರಾಮಾಣಿಕವಾಗಿ ಹೇಳಬೇಕು: ಕೋಡ್ ಮುಕ್ತವಾಗಿತ್ತು ಅನ್ನೋದು ಈ ದಾಳಿಯನ್ನು ತಡೆಯಲಿಲ್ಲ. ಆದರೆ ಫ್ರಾಯಿಂಡ್‌ಗೆ ಅನುಮಾನ ಬಂದಾಗ ಯಾರ ಅನುಮತಿಯನ್ನೂ ಕೇಳದೆ ಒಳಗೆ ಇಳಿದು ನೋಡೋಕೆ ಸಾಧ್ಯವಾಗಿದ್ದು ಅದೇ ಕಾರಣಕ್ಕೆ.

ಒಳಗೆ ಇಳಿಯೋಕೆ ಬಿಡದಿದ್ದರೆ?

ಅದಕ್ಕೂ ಉದಾಹರಣೆ ಇದೆ, ಬ್ರಿಟನ್ನಿನದು. ಅಲ್ಲಿನ ಅಂಚೆ ಕಚೇರಿಗಳಲ್ಲಿ ಲೆಕ್ಕ ಇಡೋಕೆ 'ಹೊರೈಜನ್' ಎಂಬ ವ್ಯವಸ್ಥೆ 1999ರಲ್ಲಿ ಬಂತು. ಮಾಡಿದ್ದು ಮುಂದೆ ಫುಜಿತ್ಸು ಹೆಸರಿಗೆ ಬಂದ ಕಂಪನಿ. ಊರಿನ ಪುಟ್ಟ ಅಂಚೆ ಕಚೇರಿ ನಡೆಸುವವರ ಲೆಕ್ಕದಲ್ಲಿ ಹಣ ಕಡಿಮೆ ಬಿದ್ದಿದೆ ಅಂತ ಅದು ತೋರಿಸತೊಡಗಿತು. ಸಾಫ್ಟ್‌ವೇರ್ ದೋಷ ಇರಬಹುದು ಅಂತ ಅವರು ಹೇಳಿದರೆ, 'ಕಂಪ್ಯೂಟರ್ ತಪ್ಪು ಮಾಡಲ್ಲ, ಕದ್ದಿದ್ದು ನೀವೇ' ಅನ್ನೋ ಧಾಟಿಯ ಉತ್ತರ. 1999ರಿಂದ 2015ರ ನಡುವೆ 900ಕ್ಕೂ ಹೆಚ್ಚು ಜನ ಅಪರಾಧಿಗಳಾದರು. ಕೆಲವರು ಜೈಲಿಗೆ ಹೋದರು, ಮನೆ ಮಾರಿಕೊಂಡರು, ಕೆಲವರು ಜೀವ ಕಳಕೊಂಡರು.

ಕೋರ್ಟ್‌ನಲ್ಲಿ ಯಾಕೆ ನಿಲ್ಲಲಿಲ್ಲ ಅಂದ್ರೆ, ಕಂಪ್ಯೂಟರ್ ಸರಿಯಾಗಿ ಕೆಲಸ ಮಾಡುತ್ತಿದೆ ಅಂತಲೇ ಅಲ್ಲಿನ ಕಾನೂನು ಭಾವಿಸುತ್ತಿತ್ತು. ಅಲ್ಲ ಅನ್ನೋದನ್ನು ತೋರಿಸಬೇಕಾದವರು ಆರೋಪಿಗಳು. ತೋರಿಸೋಕೆ ಬೇಕಾದ ದೋಷಗಳ ದಾಖಲೆ ಇದ್ದದ್ದು ಕಂಪನಿ ಬಳಿ. 2019ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಆ ವ್ಯವಸ್ಥೆಯಲ್ಲಿ ದೋಷಗಳಿದ್ದವು ಅಂತ ತೀರ್ಪು ಕೊಟ್ಟಿತು. 2024ರಲ್ಲಿ ಸಂಸತ್ತೇ ಕಾನೂನು ಮಾಡಿ ಆ ಶಿಕ್ಷೆಗಳನ್ನು ಒಟ್ಟಿಗೆ ರದ್ದು ಮಾಡಬೇಕಾಯಿತು.

'ಅದು ಬ್ರಿಟನ್' ಅಂತ ಪಕ್ಕಕ್ಕಿಡಬೇಡಿ. 2024ರ ಜುಲೈ 1ರಿಂದ ನಮ್ಮಲ್ಲಿ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ನೋಡಿ. ವಿದ್ಯುನ್ಮಾನ ದಾಖಲೆಯನ್ನು ಒಪ್ಪೋಕೆ ಇರುವ ಷರತ್ತುಗಳಲ್ಲಿ, ಆ ಅವಧಿಯಲ್ಲಿ ಕಂಪ್ಯೂಟರ್ ಸರಿಯಾಗಿ ಕೆಲಸ ಮಾಡುತ್ತಿತ್ತು ಅನ್ನೋದೂ ಒಂದು. ಇದಕ್ಕೆ ಬೇಕಾಗಿರುವುದು ಸಹಿ ಹಾಕಿದ ಪ್ರಮಾಣಪತ್ರ. ಆ ಪತ್ರದ ಹಿಂದೆ ಯಾವ ಟೆಸ್ಟ್ ಓಡಿತ್ತು, ಯಾರು ಓಡಿಸಿದರು, ನಾನು ಓಡಿಸಿ ನೋಡಬಹುದಾ ಅಂತ ಕೇಳುವ ಅಭ್ಯಾಸ ನಮ್ಮಲ್ಲಿ ಇನ್ನೂ ಬೆಳೆದಿಲ್ಲ.

ನಮ್ಮದೇ ಒಂದು ಟೂಲ್ ಕಟ್ಟೋಣ

ಈಗ ಕೆಲಸಕ್ಕೆ ಇಳಿಯೋಣ. ನಾಲ್ಕು ಜನ ಗೆಳೆಯರು ಸೇರಿ ನಿಮ್ಮ ವಾರ್ಡಿನ ಹಳೆ ಮತದಾರರ ಪಟ್ಟಿ, ಹೊಸ ಪಟ್ಟಿ ಎರಡನ್ನೂ ಹೋಲಿಸಿ 'ಯಾರ ಹೆಸರು ಬಿಟ್ಟುಹೋಗಿದೆ' ಅಂತ ಹೇಳುವ ಟೂಲ್ ಮಾಡ್ತೀರಿ ಅಂತಿಟ್ಟುಕೊಳ್ಳಿ. ಇದರಲ್ಲಿ ತಪ್ಪಾದರೆ ಎರಡು ಅಪಾಯ. ಹೆಸರು ಇದ್ದರೂ ಇಲ್ಲ ಅಂದರೆ ಸುಳ್ಳು ಗುಲ್ಲು. ಮಾರನೇ ದಿನ ನಿಮ್ಮ ಇಡೀ ಕೆಲಸವನ್ನೇ ಸುಳ್ಳು ಅಂತ ತಳ್ಳಿಹಾಕುತ್ತಾರೆ. ಹೆಸರು ಇಲ್ಲದಿದ್ದರೂ ಇದೆ ಅಂದರೆ ಒಬ್ಬ ಮತದಾರ ಬೂತ್‌ಗೆ ಹೋಗಿ ವಾಪಸ್ ಬರುತ್ತಾನೆ.

ಇಲ್ಲಿ ಕನ್ನಡವೇ ನಿಮ್ಮ ಮೊದಲ ಸವಾಲು. ಚುನಾವಣಾ ಆಯೋಗ ಜನರಿಗೆ ಕೊಡುವ ಪಟ್ಟಿ ಚಿತ್ರರೂಪದ ಪಿಡಿಎಫ್. ಅದನ್ನು ಅಕ್ಷರವಾಗಿಸೋಕೆ ಓಸಿಆರ್ ಮಾಡಬೇಕು. ಅಲ್ಲಿಂದ ಹೊರಬರುವ ಅಕ್ಷರಗಳ ಬಗ್ಗೆ ಈ ಟೆಸ್ಟ್‌ಗಳಾದರೂ ಬೇಕೇ ಬೇಕು.

ಒಂದು, ಒಂದೇ ಹೆಸರು, ಎರಡು ಬರವಣಿಗೆ. 'ಕೊಟ್ರಪ್ಪ' ಅನ್ನೋದರ 'ಕೊ' ಯೂನಿಕೋಡ್‌ನಲ್ಲಿ ಎರಡು ರೀತಿ ಬರಬಹುದು: ಕ-ಕ್ಕೆ ಒ-ಕಾರದ ಒಂದೇ ಗುರುತು ಹಾಕಿ, ಇಲ್ಲವೇ ಎ-ಕಾರದ ಗುರುತು ಮತ್ತು ಊ-ಕಾರದ ಗುರುತು ಒಂದಾದ ಮೇಲೊಂದು ಹಾಕಿ. ಕಣ್ಣಿಗೆ ಎರಡೂ ಒಂದೇ. ಕಂಪ್ಯೂಟರ್‌ಗೆ ಇವರಿಬ್ಬರೂ ಬೇರೆ ಬೇರೆ ಕೊಟ್ರಪ್ಪ. ಯೂನಿಕೋಡ್‌ನ ಸಾಮಾನ್ಯೀಕರಣ ನಿಯಮದಿಂದ ಎರಡನ್ನೂ ಒಂದು ರೂಪಕ್ಕೆ ತರಬಹುದು. ತಂದಿದ್ದೀರಾ ಅಂತ ಟೆಸ್ಟ್ ಕೇಳಬೇಕು.

ಎರಡು, ಕಾಣದ ಅಕ್ಷರ. 'ರಾಜ್‌ಕುಮಾರ್' ಅಂತ ಬಿಡಿಸಿ ಕಾಣಬೇಕಾದರೆ ನಡುವೆ ಕಣ್ಣಿಗೆ ಕಾಣದ ಒಂದು ಯೂನಿಕೋಡ್ ಅಕ್ಷರ ಕೂತಿರುತ್ತದೆ. ಅದಿಲ್ಲದಿದ್ದರೆ 'ರಾಜ್ಕುಮಾರ್' ಅಂತ ಒತ್ತಕ್ಷರ ಆಗುತ್ತದೆ. ಮೇಲಿನ ಸಾಮಾನ್ಯೀಕರಣ ಇದನ್ನು ಸರಿ ಮಾಡಲ್ಲ. ಇದಕ್ಕೆ ನೀವೇ ಬೇರೆ ನಿಯಮ ಬರೀಬೇಕು.

ಮೂರು, ಸೊನ್ನೆ ಮತ್ತು ಅನುಸ್ವಾರ. ವಯಸ್ಸು '೬೦' ಅಂತ ಇರೋದನ್ನು ಓಸಿಆರ್ '೬ಂ' ಅಂತ ಓದಬಹುದು. ನೋಡೋಕೆ ವ್ಯತ್ಯಾಸ ಕಾಣೋದೇ ಕಷ್ಟ.

ನಾಲ್ಕು, ಕನ್ನಡ ಅಂಕಿ. '೧೨' ಅಂತ ಕೊಟ್ಟರೆ ಪೈಥಾನ್ ಅದನ್ನು 12 ಅಂತ ಸಲೀಸಾಗಿ ಓದುತ್ತದೆ. ಜಾವಾಸ್ಕ್ರಿಪ್ಟ್ 'ಇದು ಸಂಖ್ಯೆಯೇ ಅಲ್ಲ' ಅನ್ನುತ್ತದೆ. ಲೆಕ್ಕ ಪೈಥಾನ್‌ನಲ್ಲಿ, ಪುಟ ಜಾವಾಸ್ಕ್ರಿಪ್ಟ್‌ನಲ್ಲಿ ಮಾಡಿದರೆ ಒಂದೇ ದತ್ತಾಂಶಕ್ಕೆ ಎರಡು ಉತ್ತರ.

ಐದು, ಒಂದೇ ಹೆಸರಿನ ಇಬ್ಬರು. ಒಂದೇ ಬೀದಿಯಲ್ಲಿ ಇಬ್ಬರು ಮಂಜುನಾಥ ಇರುತ್ತಾರೆ. ತಂದೆಯ ಹೆಸರು, ವಯಸ್ಸು, ಗುರುತಿನ ಚೀಟಿ ಸಂಖ್ಯೆ ಬೇರೆಯಿದ್ದರೆ ಅವರನ್ನು ಒಬ್ಬರನ್ನಾಗಿ ಮಾಡಬಾರದು. ಒಂದಾಗಬೇಕಾದ್ದು ಒಂದಾಯ್ತಾ ಅಂತ ಮಾತ್ರ ನೋಡಿದರೆ ಸಾಲದು, ಬೇರೆಯಾಗೇ ಉಳಿಯಬೇಕಾದ್ದು ಉಳೀತಾ ಅಂತಲೂ ನೋಡಬೇಕು.

ಗಮನಿಸಿ, ಈ ಐದರಲ್ಲಿ ಯಾವುದನ್ನು ಬರೆಯೋಕೂ ದೊಡ್ಡ ಪ್ರೋಗ್ರಾಮರ್ ಬೇಕಿಲ್ಲ. ಊರಿನ ಹೆಸರುಗಳು ಗೊತ್ತಿರುವವರು ಬೇಕು. ಬೂತ್ ಮಟ್ಟದಲ್ಲಿ ಓಡಾಡಿದವರು, ಶಾಲಾ ಮೇಷ್ಟ್ರು, ಡಿಟಿಪಿ ಮಾಡುವವರು. ಫ್ರೇಮ್‌ವರ್ಕ್ ಆಯ್ಕೆ ಶುರುವಾಗಬೇಕಾದ್ದು ಇಲ್ಲಿಂದ.

ಫ್ರೇಮ್‌ವರ್ಕ್: ನಾಲ್ಕು ಪ್ರಶ್ನೆ

ಮೊದಲನೇದು, ಭಾಷೆಯ ಜೊತೆಗೇ ಬರುತ್ತಾ? ಗೋ, ರಸ್ಟ್ ಭಾಷೆಗಳಲ್ಲಿ ಟೆಸ್ಟ್ ಓಡಿಸುವ ಸೌಲಭ್ಯ ಭಾಷೆಯ ಸಲಕರಣೆಗಳಲ್ಲೇ ಇದೆ. ಪೈಥಾನ್‌ನಲ್ಲಿ 'ಯೂನಿಟ್‌ಟೆಸ್ಟ್' ಜೊತೆಗೇ ಸಿಗುತ್ತದೆ. ನೋಡ್‌ಜೆಎಸ್ ಕೂಡ 18ನೇ ಆವೃತ್ತಿಯಿಂದ ತನ್ನದೇ ಟೆಸ್ಟ್ ರನ್ನರ್ ಕೊಡುತ್ತಿದೆ. ಹೊರಗಿನದು ತರುವ ಮುಂಚೆ ಇದರಲ್ಲೇ ಆಗಲ್ವಾ ಅಂತ ನೋಡಿ. ಹೊರಗಿನದಕ್ಕೆ ಆಯಸ್ಸಿನ ಗ್ಯಾರಂಟಿ ಇಲ್ಲ. ಆಂಗ್ಯುಲರ್ ತಂಡದ 'ಪ್ರೊಟ್ರಾಕ್ಟರ್' ಒಂದು ಕಾಲಕ್ಕೆ ಎಲ್ಲೆಲ್ಲೂ ಇತ್ತು. 2023ರಲ್ಲಿ ಅದರ ಕತೆ ಮುಗೀತು. ಅದರಲ್ಲಿ ಬರೆದ ಟೆಸ್ಟ್‌ಗಳನ್ನೆಲ್ಲ ಮತ್ತೆ ಬರೆಯುವ ಪಾಳಿ ಬಂತು. ಸಂಬಳದ ತಂಡ ಹೇಗೋ ಬರೆದುಕೊಳ್ಳುತ್ತೆ. ಭಾನುವಾರ ಮಾತ್ರ ಸೇರುವ ನಾಲ್ಕು ಗೆಳೆಯರಿಗೆ ಅದು ಪ್ರಾಜೆಕ್ಟಿನ ಕೊನೆ.

ಎರಡನೇದು, ಫೇಲ್ ಆದಾಗ ಬರುವ ಸಂದೇಶ ಬರೆದವರಲ್ಲದವರಿಗೂ ಅರ್ಥವಾಗುತ್ತಾ? 'ಇದು ಬರಬೇಕಿತ್ತು, ಇದು ಬಂತು' ಅಂತ ಎರಡೂ ಬೆಲೆಗಳನ್ನು ಎದುರುಬದುರು ತೋರಿಸಬೇಕು. ಪೈಟೆಸ್ಟ್ ಜನಪ್ರಿಯವಾಗೋಕೆ ಇದೂ ಒಂದು ಕಾರಣ: ಸರಳ ಸಾಲು ಬರೆದರೆ ಸಾಕು, ತಪ್ಪಾದಾಗ ಒಳಗಿನ ಬೆಲೆಗಳನ್ನು ಬಿಡಿಸಿ ತೋರಿಸುತ್ತದೆ.

ಮೂರನೇದು, ಟೆಸ್ಟ್‌ಗಳನ್ನು ಪಟ್ಟಿಯಾಗಿ ಬರೆಯಬಹುದಾ? ನನ್ನ ಪ್ರಕಾರ ಸಾರ್ವಜನಿಕ ಕೆಲಸಕ್ಕೆ ಇದೇ ಅತಿ ಮುಖ್ಯ. ಮೊದಲ ಕಾಲಂ ಹಳೆ ಪಟ್ಟಿಯ ಹೆಸರು, ಎರಡನೇದು ಹೊಸ ಪಟ್ಟಿಯ ಹೆಸರು, ಮೂರನೇದು 'ಒಬ್ಬರೇ' ಅಥವಾ 'ಬೇರೆ'. ಹೀಗೆ ಒಂದು ಸ್ಪ್ರೆಡ್‌ಶೀಟ್ ಇದ್ದು, ಪ್ರತಿ ಸಾಲೂ ಒಂದು ಟೆಸ್ಟ್ ಆಗಬೇಕು. ಪೈಟೆಸ್ಟ್, ಜೆಯೂನಿಟ್, ಜೆಸ್ಟ್ ಮೂರರಲ್ಲೂ ಇದು ಸಾಧ್ಯ. ಆಗ ಕೋಡ್ ಬಾರದವರೂ ಹೊಸ ಸಾಲು ಸೇರಿಸಬಹುದು. 'ನಮ್ಮ ಕೇರಿಯ ಹೆಸರುಗಳನ್ನು ಹೀಗೂ ಬರೀತಾರೆ' ಅಂತ ಹೇಳುವವರ ಮಾತು ನೇರವಾಗಿ ಟೆಸ್ಟ್ ಆಗುತ್ತದೆ. ನಿಮ್ಮ ಟೀಕಾಕಾರರೂ ಸಾಲು ಸೇರಿಸಲಿ. ಅವರೇ ನಿಮ್ಮ ಪೋಲಿಂಗ್ ಏಜೆಂಟರು. ಆದರೆ ಪಟ್ಟಿಯಲ್ಲಿ ಇರಬೇಕಾದ್ದು ಕಲ್ಪಿತ ಹೆಸರು, ಕಲ್ಪಿತ ಸಂಖ್ಯೆಗಳು. ನಿಜವಾದ ಮತದಾರರ ವಿವರ ತಂದು ಟೆಸ್ಟ್ ಫೋಲ್ಡರಿಗೆ ಸುರಿಯಬಾರದು. ಮತ್ತು ಎಕ್ಸ್‌ಝೆಡ್ ಪಾಠ: ಟೆಸ್ಟ್ ದತ್ತಾಂಶ ಸಾಧ್ಯವಾದಷ್ಟೂ ಮನುಷ್ಯರು ಓದುವ ಪಠ್ಯವಾಗಿರಲಿ. ಓದೋಕಾಗದ ಕಡತ ಬೇಕೇ ಬೇಕಾದರೆ, ಅದನ್ನು ಹೇಗೆ ಮಾಡಿದಿರಿ ಅನ್ನುವ ಸ್ಕ್ರಿಪ್ಟೂ ಜೊತೆಗಿರಲಿ.

ನಾಲ್ಕನೇದು, ಹಳೇ ಲ್ಯಾಪ್‌ಟಾಪ್‌ನಲ್ಲಿ ಒಂದೇ ಆಜ್ಞೆಗೆ ಓಡುತ್ತಾ? ಒಂದೆರಡು ನಿಮಿಷದೊಳಗೆ ಮುಗಿಯದ ಟೆಸ್ಟನ್ನು ಯಾರೂ ದಿನಾ ಓಡಿಸಲ್ಲ.

ಒಂದು ಎಚ್ಚರಿಕೆಯೂ ಇದೆ. ಎಲ್ಲಾ ಟೆಸ್ಟ್ ಹಸಿರು ಬಂದರೆ ಎಲ್ಲಾ ಸರಿ ಅಂತಲ್ಲ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಕಂಪನಿಯ ಅಪ್‌ಡೇಟ್‌ನಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಕುಸಿದವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲೂ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟರು. ಕಂಪನಿಯೇ ಕೊಟ್ಟ ವಿವರಣೆ ನೋಡಿ: ಒಂದು ಕಡೆ 21 ಮಾಹಿತಿ ನಿರೀಕ್ಷಿಸುತ್ತಿದ್ದರು, ಇನ್ನೊಂದು ಕಡೆಯಿಂದ ಬರುತ್ತಿದ್ದದ್ದು 20. ಟೆಸ್ಟ್‌ಗೆ ಸಿಕ್ಕಿಬೀಳಲಿಲ್ಲ ಯಾಕಂದ್ರೆ, ಟೆಸ್ಟ್‌ಗಳಲ್ಲಿ 21ನೇ ಜಾಗಕ್ಕೆ 'ಏನಿದ್ದರೂ ನಡೆಯುತ್ತೆ' ಅಂತ ಬಿಟ್ಟಿದ್ದರು. ಏನು ಕೊಟ್ಟರೂ ಪಾಸಾಗುವ ಟೆಸ್ಟ್ ಟೆಸ್ಟೇ ಅಲ್ಲ. ಅದಕ್ಕೇ ಆಗಾಗ ಬೇಕಂತಲೇ ಕೋಡ್ ಕೆಡಿಸಿ, ಟೆಸ್ಟ್ ಕೆಂಪಾಗುತ್ತಾ ಅಂತ ನೋಡಬೇಕು.

ಬಿಲ್ಡ್: ಬೋರಿಂಗ್ ಆಗಿದ್ದಷ್ಟೂ ಒಳ್ಳೇದು

ಬಿಲ್ಡ್ ವಿಷಯದಲ್ಲಿ ನನ್ನ ಸಲಹೆ ಚಿಕ್ಕದು. ಕೆಲಸ ನಡೆಯುವ ಸಲಕರಣೆಗಳಲ್ಲಿ ಅತಿ ಸರಳವಾದದ್ದನ್ನು ಆರಿಸಿ. ಎಕ್ಸ್‌ಝೆಡ್ ಬಿಲ್ಡ್ ಸ್ಕ್ರಿಪ್ಟಿನ ಭಾಷೆ ಎಷ್ಟು ಹಳೇದು, ಎಷ್ಟು ಗೋಜಲು ಅಂದರೆ ಅದರಲ್ಲಿ ನಾಲ್ಕು ಸಾಲು ಹೆಚ್ಚಾದರೆ ಯಾರಿಗೂ ಎದ್ದು ಕಾಣಲ್ಲ. ಸಣ್ಣ ಪೈಥಾನ್ ಟೂಲ್‌ಗೆ ದೊಡ್ಡ ಕಂಪನಿಗಳ ಬಿಲ್ಡ್ ವ್ಯವಸ್ಥೆ ತಂದು ಕೂರಿಸಬೇಡಿ. ಹತ್ತು ಸಾಲಿನ ಮೇಕ್‌ಫೈಲ್ ಸಾಕು: ಒಂದು ಆಜ್ಞೆ ಕಟ್ಟೋಕೆ, ಒಂದು ಆಜ್ಞೆ ಟೆಸ್ಟ್‌ಗೆ.

ಹೊರಗಿನ ಲೈಬ್ರರಿಗಳನ್ನು ಎಣಿಸಿ ತನ್ನಿ. 2016ರ ಮಾರ್ಚ್‌ನಲ್ಲಿ 'ಲೆಫ್ಟ್‌ಪ್ಯಾಡ್' ಅನ್ನುವ 11 ಸಾಲಿನ ಲೈಬ್ರರಿಯನ್ನು ಅದರ ಲೇಖಕರು ವಾಪಸ್ ತಗೊಂಡರು. ಜಗತ್ತಿನಾದ್ಯಂತ ಸಾವಿರಾರು ಪ್ರಾಜೆಕ್ಟ್‌ಗಳ ಬಿಲ್ಡ್ ನಿಂತುಹೋಯಿತು. ಯಾವ ಲೈಬ್ರರಿ, ಯಾವ ಆವೃತ್ತಿ, ಅದರ ಹ್ಯಾಶ್ ಏನು ಅಂತ ಬರೆದಿಡುವ 'ಲಾಕ್ ಫೈಲ್' ಕೋಡ್ ಜೊತೆಗೇ ಇರಲಿ. ಹ್ಯಾಶ್ ಅಂದ್ರೆ ಕಡತದ ಬೆರಳಚ್ಚು. ಒಂದು ಅಕ್ಷರ ಬದಲಾದರೂ ಬೆರಳಚ್ಚು ಬದಲಾಗುತ್ತದೆ. ಇದೇನೂ ಗೀಕ್‌ಗಳ ಗೀಳಲ್ಲ, ಮೇಲೆ ಹೇಳಿದ ಸಾಕ್ಷ್ಯ ಕಾಯ್ದೆಯ ಪ್ರಮಾಣಪತ್ರದಲ್ಲೂ ಹ್ಯಾಶ್ ನಮೂದಿಸಬೇಕು.

ಬಿಡುಗಡೆಯ ಕಡತವನ್ನು ಒಬ್ಬರ ಲ್ಯಾಪ್‌ಟಾಪ್‌ನಲ್ಲಿ ಕಟ್ಟಿ ಏರಿಸೋದು ಬೇಡ. ಎಲ್ಲರೂ ನೋಡುವ ಕೋಡ್‌ನಿಂದಲೇ, ಎಲ್ಲರೂ ನೋಡುವ ಸರ್ವರ್‌ನಲ್ಲಿ ಅದು ತಾನಾಗಿ ತಯಾರಾಗಲಿ. ಅದೇ ಆಜ್ಞೆ ನಿಮ್ಮ ಮನೆಯ ಲ್ಯಾಪ್‌ಟಾಪ್‌ನಲ್ಲೂ ಓಡಲಿ. 'ನನ್ ಸಿಸ್ಟಮ್ಮಲ್ಲಿ ಸರಿಯಾಗೇ ಓಡ್ತಿದೆ' ಅನ್ನೋದು ತಂಡದೊಳಗೆ ತಮಾಷೆ, ಸಾರ್ವಜನಿಕ ಕೆಲಸದಲ್ಲಿ ಬೇಜವಾಬ್ದಾರಿ.

ಇದರ ತುದಿಯಲ್ಲಿರೋದು 'ಪುನರುತ್ಪಾದಿಸಬಹುದಾದ ಬಿಲ್ಡ್'. ಒಂದೇ ಕೋಡನ್ನು ನೀವು ಬೆಂಗಳೂರಿನಲ್ಲಿ, ನಾನು ಬೀದರ್‌ನಲ್ಲಿ ಕಟ್ಟಿದರೆ ಹೊರಬರುವ ಕಡತ ಬಿಟ್‌ ಬಿಟ್ಟೂ ಒಂದೇ ಆಗಿರಬೇಕು. ಸುಲಭ ಅನ್ನಿಸುತ್ತೆ, ಆದರೆ ಕಟ್ಟಿದ ಸಮಯ, ಫೋಲ್ಡರಿನ ಹೆಸರು ಇಂಥವು ಕಡತದೊಳಗೆ ನುಸುಳಿ ಬೆರಳಚ್ಚನ್ನು ಬದಲಿಸುತ್ತವೆ. ಡೆಬಿಯನ್ ಲಿನಕ್ಸ್ ಸಮುದಾಯ 2013ರಿಂದ ಇದರ ಬೆನ್ನು ಹತ್ತಿದೆ. ಸಿಗ್ನಲ್ ಆ್ಯಪ್‌ನ ಆಂಡ್ರಾಯ್ಡ್ ಆವೃತ್ತಿ, ನಿಮ್ಮ ಫೋನ್‌ನಲ್ಲಿರೋದು ಪ್ರಕಟಿಸಿದ ಕೋಡ್‌ನಿಂದಲೇ ಆದದ್ದಾ ಅಂತ ನೀವೇ ತಾಳೆ ನೋಡುವ ಅವಕಾಶ ಕೊಟ್ಟಿದೆ.

ಸರ್ಕಾರವನ್ನು ಕೇಳಬೇಕಾದ್ದು

ಭಾನುವಾರದ ಗೆಳೆಯರ ಗುಂಪಿಗೆ ಇಷ್ಟು ಹೇಳಿದ ಮೇಲೆ, ನಮ್ಮ ತೆರಿಗೆಯಲ್ಲಿ ಕಟ್ಟಿದ ಸಾಫ್ಟ್‌ವೇರ್‌ಗೆ ಇದಕ್ಕಿಂತ ಕಡಿಮೆ ಕೇಳೋದು ನ್ಯಾಯವಲ್ಲ.

ಕಾಗದದ ಮೇಲೆ ನಮ್ಮಲ್ಲಿ ನೀತಿ ಇದೆ. 2015ರಲ್ಲೇ ಕೇಂದ್ರ ಸರ್ಕಾರ ಮುಕ್ತ ತಂತ್ರಾಂಶ ಬಳಕೆಯ ನೀತಿ ತಂದಿತು. ಸರ್ಕಾರಿ ಅಪ್ಲಿಕೇಶನ್‌ಗಳ ಕೋಡ್ ತೆರೆದಿಡುವ ನೀತಿಯನ್ನೂ ಅದೇ ವರ್ಷ ತಂದಿತು. 2020ರ ಏಪ್ರಿಲ್‌ನಲ್ಲಿ ಬಂದ ಆರೋಗ್ಯ ಸೇತು ಆ್ಯಪ್‌ನ ಆಂಡ್ರಾಯ್ಡ್ ಕೋಡನ್ನು ಮೇ 26ರಂದು ಪ್ರಕಟಿಸಿದರು. ಆಗ ಅನೇಕರು ಚಪ್ಪಾಳೆ ತಟ್ಟಿದರು, ತಟ್ಟಬೇಕಾದ್ದೇ. ಆದರೆ ಕೋಡ್ ತೋರಿಸಿದ ಮಾತ್ರಕ್ಕೆ ಕೋಟ್ಯಂತರ ಫೋನ್‌ಗಳಲ್ಲಿ ಕೂತ ಆ್ಯಪ್ ಅದೇ ಕೋಡ್‌ನಿಂದ ಆಯ್ತು ಅಂತ ಸಾಬೀತಾಗಲ್ಲ. ಅದಕ್ಕೆ ತಾಳೆ ನೋಡಬಹುದಾದ ಬಿಲ್ಡ್ ಬೇಕು. ಎಸ್‌ಟಿಕ್ಯೂಸಿಯಂಥ ಸರ್ಕಾರಿ ಸಂಸ್ಥೆಯ ಪ್ರಮಾಣಪತ್ರಕ್ಕೂ ಮಿತಿ ಇದೆ. ಅದು ಹೇಳೋದು ಪರೀಕ್ಷೆ ಮಾಡಿದ ಆವೃತ್ತಿಯ ಬಗ್ಗೆ. ಸಾಫ್ಟ್‌ವೇರ್ ವಾರಕ್ಕೊಮ್ಮೆ ಬದಲಾಗುತ್ತಿರುತ್ತದೆ.

'ಎಲ್ಲಾ ತೆರೆದಿಟ್ಟರೆ ಹ್ಯಾಕರ್‌ಗಳಿಗೆ ಅನುಕೂಲ' ಅನ್ನೋ ವಾದ ಬರುತ್ತದೆ. ಗುಪ್ತ ಕೀಲಿ, ಪಾಸ್‌ವರ್ಡ್, ಜನರ ದತ್ತಾಂಶ ಯಾರೂ ಕೇಳುತ್ತಿಲ್ಲ. ಟೆಸ್ಟ್‌ಗಳ ಪಟ್ಟಿ, ಬಿಲ್ಡ್ ವಿಧಾನ ಕೇಳುತ್ತಿದ್ದೇವೆ. 'ಕೊಟ್ರಪ್ಪ ಎರಡು ರೀತಿ ಬರೆದರೂ ಒಬ್ಬರೇ ಅಂತ ನಿಮ್ಮ ಪಿಂಚಣಿ ಸಾಫ್ಟ್‌ವೇರ್ ಗುರುತಿಸುತ್ತಾ' ಅನ್ನುವ ಪ್ರಶ್ನೆಯಿಂದ ದೇಶದ ಭದ್ರತೆಗೆ ಧಕ್ಕೆ ಬರಲ್ಲ. ಪಹಣಿಯಲ್ಲೊಂದು, ಆಧಾರ್‌ನಲ್ಲೊಂದು ಹೆಸರು ಅಂತ ಕಚೇರಿ ಅಲೆಯುವವರಿಗೆ ಆ ಪ್ರಶ್ನೆಯ ಬೆಲೆ ಗೊತ್ತು.

ಹಾಗಾಗಿ ಮುಂದಿನ ಸಲ ಯಾವುದೋ ಇಲಾಖೆ ಹೊಸ ಪೋರ್ಟಲ್ ಬಿಟ್ಟಾಗ ಮಾಹಿತಿ ಹಕ್ಕಿನಡಿ ಮೂರು ಪ್ರಶ್ನೆ ಕೇಳಿ. ಈ ಸಾಫ್ಟ್‌ವೇರ್‌ಗೆ ಬರೆದ ಟೆಸ್ಟ್‌ಗಳ ಪಟ್ಟಿ ಮತ್ತು ಕೊನೆಯ ಬಾರಿ ಓಡಿಸಿದಾಗಿನ ವರದಿ ಕೊಡಿ. ಕನ್ನಡ ಹೆಸರು, ಕನ್ನಡ ಅಂಕಿಗಳಿಗೆ ಯಾವ ಟೆಸ್ಟ್ ಇದೆ? ಟೆಂಡರ್ ಕರಾರಿನ ಪ್ರಕಾರ ಕೋಡ್, ಟೆಸ್ಟ್, ಬಿಲ್ಡ್ ಸ್ಕ್ರಿಪ್ಟ್‌ಗಳ ಒಡೆತನ ಇಲಾಖೆಯದ್ದಾ, ಗುತ್ತಿಗೆ ಕಂಪನಿಯದ್ದಾ? 'ವಾಣಿಜ್ಯ ಗುಟ್ಟು' ಅಂತ 8(1)(ಡಿ) ತೋರಿಸಿ ತಿರಸ್ಕರಿಸಬಹುದು. ಆದರೆ ವಿಶಾಲ ಸಾರ್ವಜನಿಕ ಹಿತ ಇದ್ದರೆ ಕೊಡಬಹುದು ಅಂತ ಅದೇ ಕಲಮಿನಲ್ಲಿ ಇದೆ. ಮೇಲ್ಮನವಿ ಹಾಕಿ. ಉತ್ತರ ಬರದಿದ್ದರೂ, ಟೆಸ್ಟೇ ಬರೆಯದ ಇಲಾಖೆ ಯಾವುದು ಅಂತ ಗೊತ್ತಾಗುತ್ತದೆ.

ಜೊತೆಗೆ ದುಡ್ಡಿನ ಮಾತೂ ಬೇಕು. ಲಾಸೆ ಕಾಲಿನ್ ಒಬ್ಬರೇ ಹೊತ್ತಿದ್ದ ಭಾರ ಇಡೀ ಜಗತ್ತಿನದ್ದು. ಜರ್ಮನಿ 2022ರಲ್ಲಿ 'ಸಾವರಿನ್ ಟೆಕ್ ಫಂಡ್' ಅಂತ ಮಾಡಿ ಇಂಥ ಮೂಲಸೌಕರ್ಯದ ಮುಕ್ತ ತಂತ್ರಾಂಶಗಳಿಗೆ ಸರ್ಕಾರಿ ಹಣ ಕೊಡತೊಡಗಿತು. ಸಾಫ್ಟ್‌ವೇರ್ ರಫ್ತಿನ ಬಗ್ಗೆ ಎದೆಯುಬ್ಬಿಸುವ ರಾಜ್ಯದಲ್ಲಿ, ಕನ್ನಡ ಓಸಿಆರ್‌ಗೆ, ಕನ್ನಡ ಹೆಸರು ಹೋಲಿಸುವ ಒಂದು ಮುಕ್ತ ಲೈಬ್ರರಿಗೆ, ಅದರ ಟೆಸ್ಟ್ ಬರೆಯುವವರಿಗೆ ಸಂಬಳ ಕೊಡುವ ಒಂದು ಸಣ್ಣ ಸಾರ್ವಜನಿಕ ನಿಧಿ ಕೇಳೋದು ಅತಿಯಾಸೆ ಅಲ್ಲ.

ಪೈಟೆಸ್ಟಾ, ಯೂನಿಟ್‌ಟೆಸ್ಟಾ, ಜೆಸ್ಟಾ ಅಂತ ಕೇಳಿದವರಿಗೆ ಕೊನೆಗೆ ಒಂದು ಅಳತೆಗೋಲು ಕೊಡ್ತೀನಿ. ನಿಮ್ಮ ಕೋಡನ್ನು ನಿಮ್ಮ ರಾಜಕೀಯವನ್ನು ಒಪ್ಪದ ಒಬ್ಬ ಅಪರಿಚಿತನ ಕೈಗೆ ಕೊಡಿ. ಅವನು ನಿಮಗೆ ಫೋನ್ ಮಾಡದೆ, ಅರ್ಧ ಗಂಟೆಯಲ್ಲಿ ಅದನ್ನು ಕಟ್ಟಿ, ಟೆಸ್ಟ್ ಓಡಿಸಿ, ತನ್ನದೊಂದು ಸಾಲು ಸೇರಿಸಿ ನಿಮ್ಮ ಟೂಲನ್ನು ಕೆಡವೋಕೆ ಪ್ರಯತ್ನಿಸಬಹುದಾದರೆ ನಿಮ್ಮ ಆಯ್ಕೆ ಸರಿಯಿದೆ. ಯಾವ ಫ್ರೇಮ್‌ವರ್ಕ್ ಅನ್ನೋದು ಆಮೇಲಿನ ಮಾತು.